ಪ್ರೊಜೆಕ್ಟರ್ ಸಾಕು, ಸಬ್‌ಟೈಟಲ್ ನೋಡಿಕೊಳ್ಳಿ

ಶಿರಸಿಯ ಶಾಲಾ ಸಭಾಂಗಣದಲ್ಲಿ ಚಿತ್ರೋತ್ಸವದ ದಿನ ಪುನಶ್ಚೇತನಗೊಂಡ ‘ಗರ್ಮ್ ಹವಾ’ (ದೇಶವಿಭಜನೆಯ ಕಾಲದ ಆಗ್ರಾದ ಮುಸ್ಲಿಂ ಕುಟುಂಬದ ಕಥೆಯ ಹಳೆಯ ಚಿತ್ರ) ತೋರಿಸಲು 3000 ಲ್ಯೂಮೆನ್ (ಬೆಳಕಿನ ಅಳತೆ) ಪ್ರೊಜೆಕ್ಟರ್ ಸಾಕೇ ಎಂದು ಕೇಳಿದ್ದೀರಿ. ಪರದೆ 12 ಅಡಿ ಅಗಲ ಮೀರದಿದ್ದರೆ ಸಾಕು. ಸಿನೆಮಾ ಮೋಡ್‌ಗೆ ಹಾಕಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಆದರೂ ಕತ್ತಲಾದ ಹಾಲ್‌ನಲ್ಲಿ 12 ಅಡಿಗೆ ಕೊರತೆಯಿಲ್ಲ. 16 ಅಡಿಗೆ ಹೋದರೆ ಚಿತ್ರ ಮಂಕು. ಡೈನಾಮಿಕ್ ಮೋಡ್ ಮಾತ್ರ ಬೇಡ, ರೀಸ್ಟೋರ್ ಮಾಡಿದವರು ತಿದ್ದಿದ ಬಣ್ಣವೆಲ್ಲ ಹಾಳು. ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್ ಎರಡೂ ಸೊನ್ನೆಗಿಡಿ. ಪರದೆಯ ಮೇಲೆ ಕಾಣುವ ಸಣ್ಣ ಕಣಗಳು ಫಿಲ್ಮಿನವೇ, ದೋಷವಲ್ಲ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ, ಜೂಮ್ ಮಾಡಿದರೆ ಪಾತ್ರಗಳ ತಲೆ ಹೋಗುತ್ತದೆ.

ಚಿತ್ರದ ಹಕ್ಕುದಾರರು ಡಿಸಿಪಿ (ಡಿಜಿಟಲ್ ಸಿನೆಮಾ ಪ್ಯಾಕೇಜ್, ಥಿಯೇಟರಿಗೆ ಕಳಿಸುವ ಫೈಲುಗಳ ಕಟ್ಟು) ಕಳಿಸುತ್ತೇವೆ ಎಂದರೆ ಹಿಗ್ಗಬೇಡಿ. ಅದು ಥಿಯೇಟರ್ ಸರ್ವರ್‌ಗೆಂದು ಮಾಡಿದ್ದು. ಬೀಗ ಹಾಕಿದಂತೆ ಎನ್‌ಕ್ರಿಪ್ಟ್ ಆಗಿದ್ದರೆ ಕೆಡಿಎಂ ಎಂಬ ಡಿಜಿಟಲ್ ಕೀಲಿ ಬೇರೆ ಬೇಕು, ಅದು ಒಂದೇ ಸರ್ವರ್‌ಗೆ, ಗೊತ್ತುಮಾಡಿದ ಅವಧಿಗೆ ಮಾತ್ರ ನಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಓಡುವ 1080ಪಿ (ಫುಲ್ ಎಚ್‌ಡಿ) ವಿಡಿಯೊ ಫೈಲ್ ಕೇಳಿ, ಇಂಗ್ಲಿಷ್ ಸಬ್‌ಟೈಟಲ್ ಚಿತ್ರದ ಮೇಲೆ ಅಚ್ಚಾಗಿರದ ಪ್ರತಿಯನ್ನೇ ಕೇಳಿ.

ಇನ್ನು ನಿಜವಾದ ತಲೆನೋವು. ನಮ್ಮ ಕಡೆ ಹಿಂದಿ ತಿಳಿಯುವವರಿಗೂ ಆಗ್ರಾದ ಮನೆಮಾತಿನ ಉರ್ದು ಪೂರ್ತಿ ಹಿಡಿತಕ್ಕೆ ಸಿಗದು, ಕನ್ನಡ ಸಬ್‌ಟೈಟಲ್ ಬೇಕೇ ಬೇಕು. ನೆಟ್‌ನಲ್ಲಿ ಸಿಗುವ ಹಳೆಯ ಎಸ್‌ಆರ್‌ಟಿ (ಮಾತು ಮತ್ತು ಅದರ ಸಮಯ ಬರೆದಿರುವ ಸಬ್‌ಟೈಟಲ್ ಫೈಲ್) ಮೇಲೆ ಅನುವಾದ ಕೂರಿಸಿದರೆ ಸಮಯ ತಪ್ಪುತ್ತದೆ. ಮೊದಲಿಂದ ಕೊನೆತನಕ ಒಂದೇ ಅಂತರವಿದ್ದರೆ ಸುಲಭ, ಅಷ್ಟು ಸೆಕೆಂಡ್ ಸರಿಸಿದರಾಯಿತು. ಅಂತರ ಬರಬರುತ್ತಾ ಬೆಳೆದರೆ ಅದು ಸೆಕೆಂಡಿಗೆ 24 ಮತ್ತು 25 ಫ್ರೇಮಿನ (ಚಿತ್ರದ ಚೌಕಟ್ಟಿನ) ಜಗಳ: 146 ನಿಮಿಷದ ಚಿತ್ರದಲ್ಲಿ ಕೊನೆಗೆ ಸುಮಾರು ಆರು ನಿಮಿಷ ಆಚೀಚೆ. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿ. ನಡುವೆ ಎಲ್ಲೋ ಹಠಾತ್ತನೆ ಜಿಗಿದರೆ ಹಳೆಯ ಪ್ರಿಂಟಿನಲ್ಲಿ ತುಂಡು ಹಾರಿದೆ ಎಂದರ್ಥ. ಅಲ್ಲಿಂದ ಮುಂದಿನದನ್ನು ಬೇರೆಯಾಗಿಯೇ ಸರಿಸಬೇಕು.

ಒಂದು ಬಾರಿಗೆ ಎರಡೇ ಸಾಲು, ಸಾಲಿಗೆ 35 ಅಕ್ಷರದೊಳಗೆ. ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲುವ ಸಾಲನ್ನು ಯಾರೂ ಓದಲಾರರು. ಮಾತನ್ನು ಮೊಟಕುಮಾಡಿ, ಪಾಂಡಿತ್ಯ ಬೇಡ ಮಾರಾಯ್ರೆ. ಫೈಲನ್ನು ಯುಟಿಎಫ್-8 (ಕನ್ನಡ ಅಕ್ಷರ ಉಳಿಸಬಲ್ಲ ಎನ್‌ಕೋಡಿಂಗ್) ರೂಪದಲ್ಲಿ ಉಳಿಸಿ. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಹಕ್ಕುದಾರರು ಒಪ್ಪಿದರೆ ಸಬ್‌ಟೈಟಲನ್ನು ಚಿತ್ರದೊಳಗೇ ಅಚ್ಚುಹಾಕಿಬಿಡಿ, ಯಾವ ಲ್ಯಾಪ್‌ಟಾಪ್ ಆದರೂ ಭಯವಿಲ್ಲ. ಶಾಲೆಯ ಹಾಲ್ ಸಮತಟ್ಟು. ಪರದೆಯ ಕೆಳಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿರದಿದ್ದರೆ ಹಿಂದಿನ ಸಾಲಿನವರು ಓದುವುದು ಮುಂದಿನವರ ತಲೆಯನ್ನೇ.

ಕಥೆ ಅರ್ಥವಾಗಲು ಅರ್ಧ ಪುಟದ ಒಂದು ಚೀಟಿ ಕುರ್ಚಿಯ ಮೇಲಿಡಿ. ಅದರಲ್ಲಿ ಇಷ್ಟಿರಲಿ: ಕಥಾನಾಯಕ ಸಲೀಮ್ ಮಿರ್ಜಾ ವಾಸವಿರುವ ಹವೇಲಿ ಇರುವುದು ಅವನ ಅಣ್ಣ ಹಲೀಮನ ಹೆಸರಿನಲ್ಲಿ. ಹಲೀಮ ಪಾಕಿಸ್ತಾನಕ್ಕೆ ಹೋದದ್ದರಿಂದ ಅದು ಕಾನೂನಿನ ಪ್ರಕಾರ ದೇಶ ಬಿಟ್ಟವರ ಆಸ್ತಿ ಎನಿಸಿ, ಇಲ್ಲೇ ಉಳಿದ ಸಲೀಮ್ ಮನೆ ಖಾಲಿ ಮಾಡಬೇಕಾಗುತ್ತದೆ. ಈ ಕಾನೂನು ಗೊತ್ತಿಲ್ಲದವರಿಗೆ ಮನೆ ಯಾಕೆ ಹೋಯಿತು ಎಂಬುದೇ ಬಗೆಹರಿಯದು.

ಸ್ಪೀಕರ್ ಎರಡಿದ್ದರೂ ಮೊನೊ ಮಾಡಿ (ಎರಡರಲ್ಲೂ ಒಂದೇ ಧ್ವನಿ), ಪರದೆಯ ಹತ್ತಿರವೇ ಇಡಿ. ತಗಡಿನ ಮಾಡಾದರೆ ಮಳೆಗಾಲದಲ್ಲಿ ಈ ಚಿತ್ರದ ಗೊಡವೆಯೇ ಬೇಡ. ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಎರಡಕ್ಕೂ 1 ಕೆವಿಎ ಯುಪಿಎಸ್ ಇರಲಿ: ಕರೆಂಟ್ ಹೋಗಿ ಫ್ಯಾನ್ ನಿಂತರೆ ಕಾದ ಲ್ಯಾಂಪ್‌ಗೆ ಅಪಾಯ. ಆಂಪ್ಲಿಫೈಯರ್ ಜನರೇಟರ್ ಕರೆಂಟಿನಲ್ಲಿ ನಡೆಯಲಿ.

ಮುಂಡಗೋಡಿನ ಟಿಬೆಟನ್ ಕ್ಯಾಂಪಿನವರನ್ನೂ ಕರೆಯಬೇಕೆಂದಿದ್ದೀರಿ, ಒಳ್ಳೆಯದೇ. ಹಾಗೆಂದು ಅವರಿಗಾಗಿ ಕನ್ನಡ, ಇಂಗ್ಲಿಷ್ ಎರಡೂ ಸಬ್‌ಟೈಟಲನ್ನು ಒಟ್ಟಿಗೆ ಹಾಕಬೇಡಿ, ನಾಲ್ಕು ಸಾಲು ಚಿತ್ರವನ್ನೇ ನುಂಗುತ್ತವೆ. ಬೆಳಿಗ್ಗೆ ಇಂಗ್ಲಿಷ್, ಸಂಜೆ ಕನ್ನಡ ಎಂದು ಎರಡು ಆಟ ಇಡಿ. ಅನುಮತಿ ಪತ್ರದಲ್ಲಿ ಎರಡು ಪ್ರದರ್ಶನ ಎಂದು ಈಗಲೇ ಬರೆಸಿಕೊಳ್ಳಿ.