ಸಂಪಾದಕರ ಉತ್ತರ: ಏಳನೇ ಲೇನ್‌ನಲ್ಲಿ ಓಡಿದ ಮಗಳ ಬಗ್ಗೆ

ಮೈಸೂರಿಂದ ಬರೆದಿರೋ ತಾಯಿಗೆ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ರಿ, ಹಾಕಿಲ್ಲ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪತ್ರದಲ್ಲಿ ಏನಿದೆ ಅಂತ ಮೊದಲು ಚಿಕ್ಕದಾಗಿ ಹೇಳಿಬಿಡ್ತೀನಿ. ಮಗಳು ಎರಡನೇ ಕ್ಲಾಸು, ಈ ಡಿಸೆಂಬರ್‌ಗೆ 8 ತುಂಬಿತು. ಜೂನ್‌ನಲ್ಲಿ ಅಥ್ಲೆಟಿಕ್ಸ್ ಕೋಚಿಂಗ್‌ಗೆ ಸೇರಿಸಿದ್ರಿ, ನವೆಂಬರ್ ಮುಗಿಯೋದ್ರೊಳಗೆ ನಾಲ್ಕು ಮೀಟ್‌ನಲ್ಲಿ ಓಡಿದಳು, ಎಲ್ಲಾ ಅಂಡರ್-10 ವಿಭಾಗದಲ್ಲಿ, ಮೆಡಲ್ ಒಂದೂ ಇಲ್ಲ, ಹೆಚ್ಚಿನ ಸಲ ಕೊನೆ ಅಥವಾ ಕೊನೆಯಿಂದ ಎರಡನೆಯವಳು. ಕೊನೇ ಮೀಟ್‌ನ 200 ಮೀಟರ್‌ನಲ್ಲಿ ಅರ್ಧ ದಾರಿಲೇ ನಿಂತು ಅತ್ತುಬಿಟ್ಟಳು. ಈಗ ಕೋಚ್ ಹೇಳ್ತಿರೋದು, ಮುಂದಿನ ಸೀಸನ್‌ಗೆ ವಾರಕ್ಕೆ ಆರು ದಿನ, ಬೆಳಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ, ಬರೀ 100 ಮತ್ತು 200, ಲಾಂಗ್ ಜಂಪ್ ಬಿಡಿಸಿ ಅಂತ. ಯಜಮಾನ್ರು ಹೂಂ ಅಂತಿದ್ದಾರೆ, ನಿಮಗೆ ಮನಸ್ಸಿಲ್ಲ. "ಇವಳಲ್ಲಿ ಟ್ಯಾಲೆಂಟ್ ಇಲ್ಲ ಅಂದ್ರೆ ಈಗಲೇ ಬಿಡಿಸೋದು ವಾಸಿ ಅಲ್ವಾ ಸಾರ್?" ಅಂತ ಕೇಳಿದೀರಿ.

ಬಿಡಿಸಬೇಡಿ ಮೇಡಂ. ಆದ್ರೆ ಕೋಚ್ ಹೇಳಿದ ಹಾಗೂ ಮಾಡಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಆ 200 ಮೀಟರ್ ಓಟಕ್ಕೆ ಬರೋಣ, ಯಾಕಂದ್ರೆ ನಿಮ್ಮ ಇಡೀ ಪತ್ರದಲ್ಲಿ ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಅದೇ. ನೀವು ಬರೆದಿದೀರಿ: ಅವಳಿಗೆ ಏಳನೇ ಲೇನ್ ಬಂದಿತ್ತು, ಕರ್ವ್‌ನಲ್ಲಿ ಚೆನ್ನಾಗೇ ಓಡ್ತಿದ್ದಳು, ಮುಂದೆನೇ ಇದ್ದಳು, ಕರ್ವ್ ಮುಗಿದಿದ್ದೇ ತಡ ಎಲ್ಲರೂ ಒಟ್ಟಿಗೆ ಅವಳನ್ನ ದಾಟಿಬಿಟ್ರು, ಅವಳು ಆಕಡೆ ಈಕಡೆ ನೋಡಿ ನಿಂತೇಬಿಟ್ಟಳು. ಮೇಡಂ, ಅವಳು ಮುಂದೆ ಇರ್ಲೇ ಇಲ್ಲ. 400 ಮೀಟರ್ ಟ್ರ್ಯಾಕ್‌ನಲ್ಲಿ 200 ಮೀಟರ್ ಓಟ ಶುರು ಆಗೋದೇ ಕರ್ವ್‌ನಲ್ಲಿ, ಒಂದೊಂದು ಲೇನ್ 1.22 ಮೀಟರ್ ಅಗಲ ಇರೋದ್ರಿಂದ ಹೊರಗಿನ ಲೇನ್‌ನವರು ದೊಡ್ಡ ಸುತ್ತು ಸುತ್ತಬೇಕಾಗುತ್ತೆ, ಅದನ್ನ ಸರಿದೂಗಿಸೋಕೆ ಅವರನ್ನ ಮುಂದಕ್ಕೆ ನಿಲ್ಲಿಸ್ತಾರೆ. ಒಂದನೇ ಲೇನ್‌ಗಿಂತ ಎರಡನೇದು 3.52 ಮೀಟರ್ ಮುಂದೆ, ಆಮೇಲೆ ಒಂದೊಂದು ಲೇನ್‌ಗೂ 3.83 ಮೀಟರ್ ಸೇರ್ತಾ ಹೋಗುತ್ತೆ. ಲೆಕ್ಕ ಹಾಕಿದ್ರೆ ಏಳನೇ ಲೇನ್‌ನ ಹುಡುಗಿ ಒಂದನೇ ಲೇನ್‌ನವಳಿಗಿಂತ ಹತ್ತಿರ ಹತ್ತಿರ 23 ಮೀಟರ್ ಮುಂದೆ ನಿಂತಿರ್ತಾಳೆ. ಈಗ ಅವಳ ಜಾಗದಲ್ಲಿ ನಿಂತು ನೋಡಿ. ಏಳು ವರ್ಷದ ಮಗು, ಕಣ್ಣೆದುರಿಗೆ ಖಾಲಿ ಟ್ರ್ಯಾಕ್, ಹೆಚ್ಚಂದ್ರೆ ಎಂಟನೇ ಲೇನ್‌ನಲ್ಲಿ ಒಬ್ಬಳು, ಮಿಕ್ಕವರೆಲ್ಲ ಹಿಂದೆ. ನಾನೇ ಫಸ್ಟ್ ಅಂತ ಖುಷಿಯಲ್ಲಿ ಓಡ್ತಾಳೆ. ಕರ್ವ್ ಮುಗಿದು ಸ್ಟ್ರೇಟ್‌ಗೆ ಬಂದಾಗ ನಿಜವಾದ ಪೊಸಿಷನ್ ಏನು ಅಂತ ಒಂದೇ ಸಲ ಕಾಣುತ್ತೆ, ಅವಳಿಗೆ ಅನ್ಸೋದು ಮಾತ್ರ ಎಲ್ಲರೂ ನನ್ನ ಹಿಂದೆ ಹಾಕಿಬಿಟ್ರು, ನಾನು ಏನೋ ತಪ್ಪು ಮಾಡಿದೆ ಅಂತ. ಅವಳು ಅತ್ತಿದ್ದು ಸೋತಿದ್ದಕ್ಕಿಂತ ಹೆಚ್ಚಾಗಿ ಏನಾಯ್ತು ಅಂತ ಅರ್ಥ ಆಗದೆ ಅಂತ ನನಗನ್ಸುತ್ತೆ. ಇದನ್ನ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಅದು ಅವಳ ತಪ್ಪಲ್ಲ. ಒಂದು ಭಾನುವಾರ ಬೆಳಗ್ಗೆ ಟ್ರ್ಯಾಕ್ ಖಾಲಿ ಇದ್ದಾಗ ಕರ್ಕೊಂಡು ಹೋಗಿ, ಅವಳನ್ನ ಏಳನೇ ಲೇನ್ ಮಾರ್ಕ್‌ನಲ್ಲಿ ನಿಲ್ಲಿಸಿ, ನೀವು ಒಂದನೇ ಲೇನ್‌ನಲ್ಲಿ ನಿಂತ್ಕೊಳ್ಳಿ, ಇಬ್ರೂ ಒಂದೇ ಸ್ಪೀಡಲ್ಲಿ ಸುಮ್ನೆ ನಡ್ಕೊಂಡು ಬನ್ನಿ. ಸ್ಟ್ರೇಟ್‌ಗೆ ಬರೋವಾಗ ನೀವಿಬ್ರೂ ಅಕ್ಕಪಕ್ಕ ಇರ್ತೀರಿ. ಆಗ ಅವಳಿಗೇ ತಿಳಿಯುತ್ತೆ, ಬಾಯಲ್ಲಿ ಎಷ್ಟು ಹೇಳಿದ್ರೂ ಅಷ್ಟು ತಿಳಿಯಲ್ಲ.

ಇನ್ನು ಟ್ಯಾಲೆಂಟ್ ವಿಷಯ. ಡಿಸೆಂಬರ್‌ಗೆ 8 ತುಂಬಿತು ಅಂದ್ರೆ ಇಡೀ ಸೀಸನ್ ಅವಳು ಏಳು ವರ್ಷದವಳಾಗಿ ಓಡಿದಾಳೆ. ಅಂಡರ್-10 ಅಂದ್ರೆ ಪಕ್ಕದ ಲೇನ್‌ನಲ್ಲಿ ಒಂಬತ್ತೂಮುಕ್ಕಾಲು ವರ್ಷದ ಹುಡುಗಿ ಇರಬಹುದು. ಈ ವಯಸ್ಸಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5-6 ಸೆಂಟಿಮೀಟರ್ ಎತ್ತರ ಆಗ್ತಾರೆ, ಎರಡು ವರ್ಷ ಅಂದ್ರೆ ಸುಮಾರು ಅರ್ಧ ಗೇಣು, ಅದರಲ್ಲಿ ಹೆಚ್ಚಿನ ಪಾಲು ಕಾಲಿಗೇ ಹೋಗುತ್ತೆ. ಹುಟ್ಟಿದ ತಿಂಗಳು ಮಕ್ಕಳ ಆಟದಲ್ಲಿ ಎಷ್ಟು ಕೆಲಸ ಮಾಡುತ್ತೆ ಅನ್ನೋದನ್ನ ಸ್ಪೋರ್ಟ್ಸ್ ಸೈನ್ಸ್‌ನವರು ದಶಕಗಳಿಂದ ನೋಡ್ಕೊಂಡು ಬಂದಿದಾರೆ, ಫುಟ್‌ಬಾಲ್ ಆಗಲಿ ಅಥ್ಲೆಟಿಕ್ಸ್ ಆಗಲಿ, ಚಿಕ್ಕವರ ವಿಭಾಗದಲ್ಲಿ ಗೆಲ್ಲೋರ ಪಟ್ಟಿ ತೆಗೆದ್ರೆ ಆ ಗುಂಪಲ್ಲಿ ದೊಡ್ಡವರೇ ಜಾಸ್ತಿ. ಹಾಗಾಗಿ ಕೊನೇ ಸ್ಥಾನ ನೋಡಿ ಟ್ಯಾಲೆಂಟ್ ಇಲ್ಲ ಅಂತ ಹೇಳೋಕೆ ನಿಮ್ಮ ಹತ್ರ ಏನೂ ಆಧಾರ ಇಲ್ಲ, ಕೋಚ್ ಹತ್ರಾನೂ ಇಲ್ಲ.

ಆಧಾರ ಇರೋದು ಬೇರೆ ಒಂದಕ್ಕೆ, ಅದನ್ನ ನೀವು ಪತ್ರದ ಕೊನೇಲಿ ಸುಮ್ನೆ ಹಾಗೇ ಬರೆದು ಬಿಟ್ಟಿದೀರಿ. ಜುಲೈನಲ್ಲಿ 100 ಮೀಟರ್ 21.8 ಸೆಕೆಂಡ್, ನವೆಂಬರ್‌ನಲ್ಲಿ 19.6. ಎರಡು ಸೆಕೆಂಡ್‌ಗಿಂತ ಜಾಸ್ತಿ! ಮೊದಲನೇದು ಮಣ್ಣಿನ ಟ್ರ್ಯಾಕು, ಕೊನೇದು ಸಿಂಥೆಟಿಕ್ಕು, ಮೇಲಾಗಿ ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದು ತೆಗೆದ ಟೈಮಿಂಗು, ಅದೆಲ್ಲ ಕಳೆದ್ರೂ ಮಗು ಓಡೋದು ಕಲ್ತಿದೆ ಅನ್ನೋದ್ರಲ್ಲಿ ಅನುಮಾನ ಇಲ್ಲ. ಮೊದಲ ಸೀಸನ್‌ನಲ್ಲಿ ಇದಕ್ಕಿಂತ ಏನು ಬೇಕು ಹೇಳಿ. ಇದನ್ನ ಅವಳಿಗೆ ಯಾರಾದ್ರೂ ಹೇಳಿದೀರಾ? ಮನೇಲಿ ಗೋಡೆ ಮೇಲೋ ಕ್ಯಾಲೆಂಡರ್ ಮೇಲೋ ಆ ಎರಡು ನಂಬರ್ ಬರೆದಿಡಿ.

ಇನ್ನು ವಾರಕ್ಕೆ ಆರು ದಿನ, ಎರಡು ಹೊತ್ತು. ಅಂದ್ರೆ ವಾರಕ್ಕೆ 12 ಗಂಟೆ. ಸ್ಪೋರ್ಟ್ಸ್ ಡಾಕ್ಟರ್‌ಗಳು ಒಂದು ಸುಲಭದ ಲೆಕ್ಕ ಹೇಳ್ತಾರೆ, ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅದಕ್ಕಿಂತ ಜಾಸ್ತಿ ಗಂಟೆ ಕೋಚಿಂಗ್ ಬೇಡ ಅಂತ. ನಿಮ್ಮ ಮಗಳಿಗೆ 8, ಅದೂ ಮೇಲಿನ ಮಿತಿ, ಅಷ್ಟು ಮಾಡಲೇಬೇಕು ಅಂತಲ್ಲ. ವಾರಕ್ಕೆ ಮೂರು ದಿನ ಸಾಕು. ಮಿಕ್ಕ ದಿನ ಬೀದೀಲಿ ಕುಂಟೆಬಿಲ್ಲೆ, ಖೊಖೊ, ಸೈಕಲ್ಲು, ಏನಾದ್ರೂ ಆಡ್ಕೊಳ್ಲಿ. ಬೆಳಗ್ಗೆ ಎದ್ದಾಗ ಹಿಮ್ಮಡಿ ನೋವು ಅಂತಾಳೆ ಅಂತಲೂ ಬರೆದಿದೀರಿ, ಇದನ್ನ ಹಗುರವಾಗಿ ತಗೋಬೇಡಿ. ಎಂಟರಿಂದ ಹದಿನಾಲ್ಕು ವರ್ಷದೊಳಗೆ ಓಡೋ, ನೆಗೆಯೋ ಮಕ್ಕಳಿಗೆ ಹಿಮ್ಮಡಿ ಮೂಳೆಯ ಬೆಳೆಯೋ ಭಾಗದ ಮೇಲೆ ಎಳೆತ ಬಿದ್ದು ನೋವು ಬರೋದು ತುಂಬಾ ಕಾಮನ್ನು, ರೆಸ್ಟ್ ಕೊಟ್ರೆ, ಮೆತ್ತನೆ ಶೂ ಹಾಕಿದ್ರೆ ಸಾಮಾನ್ಯವಾಗಿ ಹೋಗುತ್ತೆ, ಆದ್ರೂ ಮೂಳೆ ಡಾಕ್ಟರ್‌ಗೆ ಒಂದ್ಸಲ ತೋರಿಸಿ, ಅವರು ಹೂಂ ಅನ್ನೋವರೆಗೂ ಓಡಿಸಬೇಡಿ. ನೋವಿರೋ ಮಗುವಿಗೆ ಪ್ರಾಕ್ಟೀಸ್ ಜಾಸ್ತಿ ಮಾಡೋದು ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಬರೀ 100, 200 ಅನ್ನೋ ಮಾತಿಗೆ ನನ್ನ ವಿರೋಧ ಇನ್ನೂ ಜಾಸ್ತಿ. ನಮ್ಮ ಅಥ್ಲೆಟಿಕ್ಸ್ ಫೆಡರೇಷನ್ನೇ ಜಿಲ್ಲೆ ಜಿಲ್ಲೆಗಳ ಮಕ್ಕಳನ್ನ ಸೇರಿಸಿ ಮಾಡೋ ನಿಡ್ಜಾಮ್ ಮೀಟ್‌ನಲ್ಲಿ ಅಂಡರ್-14 ಮಕ್ಕಳಿಗೆ ಟ್ರಯಾಥ್ಲಾನ್ ಇಟ್ಟಿದೆ, 60 ಮೀಟರ್ ಓಟ, ಲಾಂಗ್ ಜಂಪ್, ಅದರ ಜೊತೆಗೆ ಹೈಜಂಪೋ, ಗುಂಡನ್ನ ಹಿಂದಕ್ಕೆ ಎಸೆಯೋದೋ, 600 ಮೀಟರ್ ಓಟವೋ ಇನ್ನೊಂದು. ಹದಿಮೂರು ವರ್ಷದವರಿಗೇ ಓಡು, ನೆಗೆ, ಎಸೆ ಅಂತ ಎಲ್ಲಾ ಸೇರಿಸಿ ಇಟ್ಟಿರೋವಾಗ ಎಂಟು ವರ್ಷದವಳಿಗೆ ಎರಡೇ ಇವೆಂಟ್ ಯಾಕೆ? ವರ್ಲ್ಡ್ ಅಥ್ಲೆಟಿಕ್ಸ್‌ನ ಕಿಡ್ಸ್ ಅಥ್ಲೆಟಿಕ್ಸ್ ಅನ್ನೋದು ಇನ್ನೂ ಚೆಂದ, ಅಲ್ಲಿ ಹುಡುಗ ಹುಡುಗಿಯರು ಒಂದೇ ಟೀಮಲ್ಲಿ, ಓಡಿ, ಹರ್ಡಲ್ ದಾಟಿ, ಕೋಲುಗಳ ಮಧ್ಯೆ ನುಸುಳಿ, ಮ್ಯಾಟ್ ಮೇಲೆ ಪಲ್ಟಿ ಹೊಡೆದು ರಿಲೇ ಮುಗಿಸ್ತಾರೆ.

ನಾರ್ವೆ ದೇಶದ ಒಂದು ವಿಷಯ ನಿಮ್ಮ ಯಜಮಾನ್ರಿಗೆ ಓದಿ ಹೇಳಿ. ಅಲ್ಲಿ ಮಕ್ಕಳ ಆಟಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಇದೆ, 11 ತುಂಬೋ ವರ್ಷ ಬರೋವರೆಗೂ ರಿಸಲ್ಟ್ ಲಿಸ್ಟ್, ರ‍್ಯಾಂಕಿಂಗ್ ಹಾಕೋ ಹಾಗೇ ಇಲ್ಲ. ಅಂಥ ದೇಶದಿಂದ ಬಂದ ಕಾರ್ಸ್ಟನ್ ವಾರ್ಹೋಮ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ 45.94 ಸೆಕೆಂಡ್‌ನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ. ಅವನೇ 2013ರಲ್ಲಿ, ಹದಿನೇಳನೇ ವಯಸ್ಸಲ್ಲಿ, ವರ್ಲ್ಡ್ ಯೂತ್ ಚಾಂಪಿಯನ್ ಆಗಿದ್ದು ಆಕ್ಟಾಥ್ಲಾನ್‌ನಲ್ಲಿ, ಅಂದ್ರೆ ಎಂಟು ಇವೆಂಟ್ ಸೇರಿದ ಸ್ಪರ್ಧೆ! ನಮ್ಮ ನೀರಜ್ ಚೋಪ್ರಾ ಕೂಡ ಅಷ್ಟೇ, ಜಾವೆಲಿನ್ ಮುಟ್ಟಿದ್ದೇ ಹದಿಮೂರರ ಆಸುಪಾಸಲ್ಲಿ, ಅದೂ ಮೈ ಇಳಿಸಲಿ ಅಂತ ಮನೆಯವರು ಪಾಣಿಪತ್‌ಗೆ ಕಳಿಸಿದ್ದಕ್ಕೆ.

ನಿಮ್ಮ ಮಗಳಿಗೆ ಮರಳಿನ ಪಿಟ್ ಕಂಡ್ರೆ ಪ್ರಾಣ ಅಂತ ಬರೆದಿದೀರಿ, ಪ್ರಾಕ್ಟೀಸ್ ಮುಗಿದ ಮೇಲೂ ನೆಗೀತಾನೇ ಇರ್ತಾಳೆ, ಮನೆಗೆ ಬಂದ್ರೆ ಬಾತ್‌ರೂಮ್ ತುಂಬಾ ಮರಳು ಅಂತ. ಅದನ್ನ ಯಾರು ಹೇಳಿದ್ರೂ ಬಿಡಿಸಬೇಡಿ. ಕೋಚ್ ಹತ್ರ ನಯವಾಗೇ ಮಾತಾಡಿ, ಮೂರು ದಿನ ಕಳಿಸ್ತೀವಿ, ಜಂಪೂ ಇರಲಿ, ಮೀಟ್ ಕಮ್ಮಿ ಇರಲಿ ಅಂತ. ಒಪ್ಪಿದ್ರೆ ಸಂತೋಷ. ಒಪ್ಪದೇ ಇದ್ರೆ ಬೇರೆ ಗ್ರೌಂಡ್ ಹುಡುಕಿ, ಮಕ್ಕಳು ನಗ್ತಾ ಆಡ್ತಿರೋ ಗ್ರೌಂಡ್ ಯಾವುದು ಅಂತ ಗೇಟ್ ಹತ್ರ ಹತ್ತು ನಿಮಿಷ ನಿಂತ್ರೆ ಗೊತ್ತಾಗುತ್ತೆ.

ಗೆದ್ದ ಹುಡುಗಿಗೆ ಹತ್ತು ದಾಟಿರಬೇಕು, ಸುಳ್ಳು ಸರ್ಟಿಫಿಕೇಟ್ ಇರಬೇಕು ಅಂತ ಅನುಮಾನ ಪಟ್ಟಿದೀರಿ. ವಯಸ್ಸಿನ ಮೋಸ ನಮ್ಮ ದೇಶದ ಅಥ್ಲೆಟಿಕ್ಸ್‌ನಲ್ಲಿ ಇರೋದು ನಿಜ, ಅದಕ್ಕೇ ಜೂನಿಯರ್ ಮೀಟ್‌ಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆ ವಯಸ್ಸು ನೋಡ್ತಾರೆ. ಆದ್ರೆ ಗ್ಯಾಲರೀಲಿ ಕೂತು ಒಂದು ಮಗುವಿನ ಎತ್ತರ ನೋಡಿ ನಾವು ತೀರ್ಮಾನ ಮಾಡಬಾರದು, ಕೆಲವರು ಬೇಗ ಬೆಳೀತಾರೆ ಅಷ್ಟೇ. ಎಂಟ್ರಿ ಕೊಡೋ ಮುಂಚೆ ಆರ್ಗನೈಸರ್‌ಗಳನ್ನ ಬರ್ತ್ ಸರ್ಟಿಫಿಕೇಟ್ ಚೆಕ್ ಮಾಡ್ತೀರಾ ಅಂತ ಕೇಳಿ, ಇಲ್ಲ ಅಂದ್ರೆ ಆ ಮೀಟ್‌ಗೆ ಹೋಗಬೇಡಿ.

ಯಜಮಾನ್ರ ಬಗ್ಗೆ ಒಂದು ಮಾತು, ಅವರು ಬೇಜಾರು ಮಾಡ್ಕೋಬಾರದು. ಫೆನ್ಸ್ ಹತ್ರ ನಿಂತು ಕೂಗ್ತಾರೆ, ವಾಪಸ್ ಬರೋವಾಗ ಕಾರಲ್ಲಿ ಫೋನ್ ವಿಡಿಯೋ ಹಾಕಿ ಎಲ್ಲಿ ತಪ್ಪಿದೆ ನೋಡು ಅಂತ ತೋರಿಸ್ತಾರೆ ಅಂತ ಬರೆದಿದೀರಿ. ಅವರಿಗೆ ಮಗಳ ಮೇಲೆ ಪ್ರೀತಿ ಇರೋದಕ್ಕೇ ಹಾಗೆ ಮಾಡ್ತಿದಾರೆ, ನನಗೆ ಅದು ಗೊತ್ತು. ಆದ್ರೆ ಸೋತು ಅತ್ತು ಸುಸ್ತಾಗಿರೋ ಮಗುವಿಗೆ ಆ ಅರ್ಧ ಗಂಟೆ ತುಂಬಾ ಉದ್ದ. ಕಾರಲ್ಲಿ ಓಟದ ಸುದ್ದಿ ಎತ್ತೋದೇ ಬೇಡ, ಅವಳಾಗೇ ಮಾತಾಡಿದ್ರೆ ಕೇಳಿ, ಇಲ್ಲ ಅಂದ್ರೆ ದಾರೀಲಿ ಎಲ್ಲಾದ್ರೂ ನಿಲ್ಲಿಸಿ ದೋಸೆ ತಿನ್ಕೊಂಡು ಬನ್ನಿ.

ಪ್ರೋಟೀನ್ ಪೌಡರ್ ಬೇಕಾ ಅಂದ್ರಿ, ಬೇಡ. ಮನೆ ಊಟ, ಹಾಲು, ಮೊಟ್ಟೆ ತಿಂದ್ರೆ ಮೊಟ್ಟೆ, ಬೇಳೆ ಕಾಳು, ರಾಗಿ ಸಾಕು. ಮೀಟ್ ದಿನ ಓಟಕ್ಕೆ ಎರಡು ಗಂಟೆ ಮುಂಚೆ ಎರಡು ಇಡ್ಲಿ, ಮಧ್ಯೆ ಬಾಳೆಹಣ್ಣು, ನೀರು, ತಲೆಗೆ ಟೋಪಿ. ಬೆಳಗ್ಗೆ ಎಂಟಕ್ಕೆ ಬನ್ನಿ ಅಂದು ಮಧ್ಯಾಹ್ನ ಎರಡಕ್ಕೆ ಓಡಿಸೋ ಮೀಟ್‌ಗಳು ಬೇಕಾದಷ್ಟಿವೆ, ನೆರಳಲ್ಲಿ ಕೂರಿಸೋದು ಮರೀಬೇಡಿ.

ಇನ್ನು ನೀವು ಅವಳಿಗೆ ಕೊಡಿಸಿರೋ ಆ ಸ್ಪೈಕ್ಸ್, ಅಂದ್ರೆ ಅಡಿಯಲ್ಲಿ ಮೊಳೆ ಇರೋ ಓಟದ ಶೂ. ಎಂಟು ವರ್ಷಕ್ಕೆ ಬೇಕಾಗಿಲ್ಲ, ಸಾಮಾನ್ಯ ರನ್ನಿಂಗ್ ಶೂ ಸಾಕು, ಹಿಮ್ಮಡಿ ನೋವಿರೋವಾಗಂತೂ ಸ್ಪೈಕ್ಸ್ ಬೇಡವೇ ಬೇಡ, ಅದರಲ್ಲಿ ಹಿಂದೆ ಮೆತ್ತಗೆ ಇರೋದೇ ಕಮ್ಮಿ. ಬಿಲ್ ಇದ್ರೆ ಅಂಗಡಿಯವರನ್ನ ಎಕ್ಸ್‌ಚೇಂಜ್ ಕೇಳಿ ನೋಡಿ. ಆಗಲ್ಲ ಅಂದ್ರೆ ಅದೇ ಗ್ರೌಂಡ್‌ನಲ್ಲಿ ಹೈಸ್ಕೂಲ್ ಹುಡುಗೀರು ಬರ್ತಾರಲ್ಲ, ಚಿಕ್ಕ ಸೈಜ್ ಕಾಲಿನವರು ಯಾರಾದ್ರೂ ಇದ್ರೆ ಕೊಟ್ಟುಬಿಡಿ, ಮುಂದಿನ ಜೂನ್ ಹೊತ್ತಿಗೆ ನಿಮ್ಮ ಮಗಳಿಗೆ ಅದು ಹೇಗೂ ಹಿಡಿಯಲ್ಲ.