ಮೊಬೈಲ್ ಕಸಿದುಕೊಂಡರೆ ಮಗು ಹೇಳುವುದನ್ನೇ ಬಿಡುತ್ತದೆ

ಹುಬ್ಬಳ್ಳಿ ನವನಗರದ ತಾಯಿಯೊಬ್ಬರು ಕೇಳಿದ್ದಾರೆ: “ಅಕ್ಕೋರ, ನಾಲ್ಕನೇತ್ತ ಕಲಿಯೋ ಮಗಳಿಗೆ ಆಟದ ಆ್ಯಪಿನಾಗ ಯಾರೋ ಫೋಟೊ ಕಳಸು ಅಂದಾನ. ಅಕಿ ಬಂದು ಹೇಳಿದ್ಲು. ಮೊಬೈಲ್ ಕಸಗೊಂಡು ಆ್ಯಪ್ ತಗದ ಹಾಕೇವಿ. ಇದನ್ನೆಲ್ಲಾ ಸಾಲ್ಯಾಗ ಕಲಿಸಿದ್ರ ಇಲ್ಲದ್ದು ತಲಿಗೆ ಹೊಕ್ಕಂಗ ಆಗೂದಿಲ್ಲೇನು?”

ಪಾಲಕರ ಸಭೆಗಳಲ್ಲಿ ಈ ಪ್ರಶ್ನೆ ತಪ್ಪಿದ್ದೇ ಇಲ್ಲ, ನನಗೆ ಸಿಟ್ಟು ಬರದೆ ಇದ್ದದ್ದೂ ಇಲ್ಲ. ತಾಯಿ, ಸಾಲಿ ಏನೂ ಕಲಿಸುವ ಮೊದಲೇ ಅದು ನಿಮ್ಮ ಮನೆಯೊಳಗೆ ಬಂದಾಗಿದೆ. ನಿಮ್ಮ ಮಗಳು ಮುಚ್ಚಿಡದೆ ಹೇಳಿದಳು. ಹೇಳಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಶಿಕ್ಷೆ. ಇನ್ನೊಮ್ಮೆ ಹೇಳುತ್ತಾಳೆಯೇ? “ಅವ್ವಗ ಹೇಳಿದ್ರ ನಿನಗ ಬೈತಾಳ” ಎಂದೇ ಇಂಥವರು ಮಕ್ಕಳನ್ನು ಹೆದರಿಸಿ ಹಿಡಿದಿಡುವುದು. ಅವನ ಮಾತನ್ನು ನೀವೇ ನಿಜ ಮಾಡಬೇಡಿ. ಇವತ್ತೇ ಮಗಳನ್ನು ಕೂರಿಸಿಕೊಂಡು “ಹೇಳಿದ್ದು ಛಲೋ ಆತು” ಅನ್ನಿ.

ಆ್ಯಪ್ ಅಳಿಸಿದ್ದೂ ಸರಿಯಲ್ಲ, ಸಾಕ್ಷಿ ಅದರೊಳಗಿತ್ತು. ಮತ್ತೆ ಹಾಕಿಕೊಂಡು ಅದೇ ಖಾತೆಯಿಂದ ಒಳಹೋಗಿ ನೋಡಿ. ಮಾತುಕತೆ ಉಳಿದಿದ್ದರೆ ಅವನ ಹೆಸರು, ಐಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಅವನೊಂದಿಗೆ ಜಗಳಕ್ಕಿಳಿಯಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಮಕ್ಕಳ ಸಹಾಯವಾಣಿ 1098. ಎಲ್ಲರೂ ಬಾಯಿಪಾಠ ಮಾಡಿಕೊಂಡಿರುವ 1930 ಹಣದ ಮೋಸಕ್ಕೆ. ಅವನು ಕೇಳಿದ್ದು ಅಶ್ಲೀಲ ಫೋಟೊ ಆಗಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ವಿಷಯ ಗೊತ್ತಾದ ಶಿಕ್ಷಕರಿಗೂ. ಮಗುವಿನ ಅಂಥ ಚಿತ್ರ ಎಲ್ಲಿಯಾದರೂ ಸಿಕ್ಕರೆ “ಎಲ್ಲರೂ ಎಚ್ಚರ ಇರ್ರಿ” ಎಂದು ಪಾಲಕರ ಗ್ರೂಪಿಗೆ ಹಾಕುವ ಮಹನೀಯರೇ, ಹಾಗೆ ಹಂಚುವುದೇ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 67ಬಿ ಪ್ರಕಾರ ಅಪರಾಧ.

ಇನ್ನು ಸಾಲಿಯಲ್ಲಿ ಕಲಿಸುವ ಮಾತು. “ಅಪರಿಚಿತರ ಜೊತೆ ಮಾತಾಡಬೇಡ” ಎಂದು ಬೋರ್ಡಿನ ಮೇಲೆ ಬರೆಸುವುದು ಪಾಠವಲ್ಲ. ವಾರಗಟ್ಟಲೆ ಜೊತೆಗೆ ಆಡಿದವನನ್ನು ಮಗು ಗೆಳೆಯ ಅಂದುಕೊಂಡಿರುತ್ತದೆ, ಅಪರಿಚಿತ ಅಂತಲ್ಲ. ಅದರ ಬದಲು ಅವನು ಕೇಳುವುದನ್ನು ಗುರುತಿಸಲು ಕಲಿಸಿ: ಫೋಟೊ, ಮನೆ ವಿಳಾಸ, ಓಟಿಪಿ, ಮುಖ್ಯವಾಗಿ “ಯಾರಿಗೂ ಹೇಳಬೇಡ” ಎಂಬ ಮಾತು. ಆ ಮಾತು ಕೇಳಿದ ಕೂಡಲೇ ದೊಡ್ಡವರ ಹತ್ತಿರ ಬರಬೇಕು. ಮೂರನೇ ತರಗತಿಯಿಂದಲೇ ಇದನ್ನು ಇಬ್ಬಿಬ್ಬರು ಮಕ್ಕಳಿಂದ ಆಡಿಸಿ ತೋರಿಸಬಹುದು, ಕಂಪ್ಯೂಟರೇ ಬೇಕಿಲ್ಲ. ಆಗಸ್ಟ್ 15ರಂದು ಸಾಲಿಯ ಹೆಸರು ಕಾಣುವ ಯೂನಿಫಾರ್ಮಿನ ಫೋಟೊ ಎಲ್ಲರಿಗೂ ಕಾಣುವಂತೆ ಹಾಕುವ ಅಪ್ಪ-ಅವ್ವಂದಿರಿಗೂ ಈ ಪಾಠ ಬೇಕು.

ಗದಗದ ತಂದೆ, ಎರಡನೇ ತರಗತಿಯ ಮಗನನ್ನು ದುಬಾರಿ ಕೋಡಿಂಗ್ ಕ್ಲಾಸಿಗೆ ಹಾಕಲೇ ಎನ್ನುತ್ತಾರೆ. ಬೇಡ. 5ರಿಂದ 7 ವರ್ಷದವರಿಗೆಂದೇ ಮಾಡಿದ, ಕೋಡಿಂಗ್ ಕಲಿಸುವ ಆ್ಯಪ್ ಸ್ಕ್ರ್ಯಾಚ್ ಜೂನಿಯರ್ ಉಚಿತವಾಗಿದೆ.

ಧಾರವಾಡದಿಂದ: ಅಂಗಡಿಯವರು ಮಗನ ಮೊಬೈಲಿಗೆ ಗುಟ್ಟಾಗಿ ‘ಸ್ಪೈ ಆ್ಯಪ್’ ಹಾಕಿಕೊಡುತ್ತಾರಂತೆ, ಹಾಕಿಸಬಹುದೇ? ಖಂಡಿತ ಬೇಡ. ಮಗನ ಫೋಟೊ, ಮೆಸೇಜುಗಳನ್ನು ಆ ಆ್ಯಪ್ ಮಾಡಿದವರ ಕೈಗೂ ಒಪ್ಪಿಸಿದಂತೆ. ಮಕ್ಕಳ ಮೊಬೈಲ್ ಬಳಕೆಯನ್ನು ಪಾಲಕರು ನೋಡಿಕೊಳ್ಳಲೆಂದೇ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಇದೆ. ಅದನ್ನೂ ಮಗನಿಗೆ ಹೇಳಿಯೇ ಹಾಕಿ.

ಸಾಲಿಯಲ್ಲಿ ಒಂದೇ ಕಂಪ್ಯೂಟರ್ ಇದೆ, ಕೋಡಿಂಗ್ ಹೇಗೆ ಕಲಿಸಲಿ ಎಂದು ಕೇಳಿದ ಹಾವೇರಿಯ ಶಿಕ್ಷಕರೇ, ಅಂಗಳದಲ್ಲಿ ಚೌಕ ಗೆರೆ ಎಳೆಯಿರಿ. ಒಂದು ಮಗು ರೋಬೋಟ್ ಆಗಲಿ, ಉಳಿದವರು “ಎರಡು ಹೆಜ್ಜೆ ಮುಂದೆ, ಬಲಕ್ಕೆ ತಿರುಗು” ಎಂದು ಬರೆದುಕೊಡಲಿ. ರೋಬೋಟ್ ದಾರಿ ತಪ್ಪಿದರೆ ಯಾವ ಸಾಲು ತಪ್ಪೆಂದು ಮಕ್ಕಳೇ ಹುಡುಕಲಿ, ನೀವು ಹೇಳಿಕೊಡಬೇಡಿ.