ಆಫರ್ ನೋಡಿಯೇ ಕೊಂಡರೂ ಸೂಪರ್ ಮಾರ್ಕೆಟ್ ಬಿಲ್ಲು ಏಕೆ ಇಳಿಯುತ್ತಿಲ್ಲ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಮನೆಯಲ್ಲಿ ಮೂರು ಜನ, ಊರು ಬೆಂಗಳೂರು, ತಿಂಗಳಿಗೆ ಎರಡು ಸಲ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತೀರಿ. ಆದಷ್ಟೂ ಆಫರ್ ಇರುವುದನ್ನೇ ಆರಿಸುತ್ತೀರಿ. ಆದರೂ ದಿನಸಿ, ತರಕಾರಿ ಸೇರಿ ಹನ್ನೆರಡು ಸಾವಿರದ ಕೆಳಗೆ ಇಳಿಯುತ್ತಿಲ್ಲ. ಬಿಲ್ಲಿನ ಕೊನೆಯಲ್ಲಿ ಮಾತ್ರ ಪ್ರತಿಸಲವೂ ‘ನೀವು ಇಂದು ಉಳಿಸಿದ್ದು’ ಎಂದು ಸಾವಿರದ ಮೇಲೊಂದು ಅಂಕಿ ಇರುತ್ತದೆ. ಆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದ್ದೀರಿ.

ಎಲ್ಲಿಗೂ ಹೋಗುತ್ತಿಲ್ಲ, ಅದು ಇರಲೇ ಇಲ್ಲ. ಎಂಆರ್‌ಪಿಯಿಂದ ಅಂಗಡಿಯವರ ಬೆಲೆಯನ್ನು ಕಳೆದರೆ ಬರುವುದು ಆ ಅಂಕಿ. ಎಂಆರ್‌ಪಿ ಎಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಗೆರೆಯಷ್ಟೇ. ಆ ಗೆರೆಯನ್ನು ಎಳೆಯುವವರು ತಯಾರಕರು ಅಥವಾ ಪ್ಯಾಕ್ ಮಾಡಿದವರು. ಅಂಗಡಿಯವರು ತಮ್ಮದೇ ಹೆಸರಿನಲ್ಲಿ ಕಟ್ಟಿಸಿದ ಬೇಳೆಯಾದರೆ, ಗೆರೆಯನ್ನು ಎತ್ತರದಲ್ಲಿ ಎಳೆಯುವವರೂ ಅವರೇ, ಅಲ್ಲಿಂದ ಕೆಳಗಿಳಿದು ನಮಗೆ ಉಪಕಾರ ಮಾಡುವವರೂ ಅವರೇ.

ನಾನು ಮೈಸೂರಿನವನು. ಮೂವತ್ತು ವರ್ಷ ಒಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆದೆ, ಮನೆಯ ದಿನಸಿ ಲೆಕ್ಕವನ್ನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ. ನಾಲ್ಕು ವರ್ಷದ ಹಿಂದೆ ಹೆಂಡತಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆದಾಗ ಚೀಲ ನನ್ನ ಕೈಗೆ ಬಂತು. ಮೊದಲ ತಿಂಗಳು ಒಂದೂ ಆಫರ್ ಬಿಡದೆ ಕೊಂಡೆ. ಅವಳ ಬಿಲ್ಲಿಗಿಂತ ನನ್ನ ಬಿಲ್ಲು ಎರಡು ಸಾವಿರ ಹೆಚ್ಚಾಗಿತ್ತು. ಅವಳು ಏನೂ ಅನ್ನಲಿಲ್ಲ. ಬೇಳೆ ಡಬ್ಬಿಗಳ ಹಿಂದಿನಿಂದ ಎಣ್ಣೆ ಕಲೆಯಾದ ಒಂದು ಡೈರಿ ತೆಗೆದು ಮುಂದಿಟ್ಟಳು.

ಡೈರಿಯಲ್ಲಿದ್ದದ್ದು ಇಪ್ಪತ್ತೆರಡು ಸಾಮಾನು. ತೊಗರಿಬೇಳೆ, ಉದ್ದಿನಬೇಳೆ, ಅಕ್ಕಿ, ಅವಲಕ್ಕಿ, ಸಕ್ಕರೆ, ಎಣ್ಣೆ, ಕಾಫಿಪುಡಿ, ಹೀಗೆ. ಒಂದೊಂದರ ಎದುರಿಗೂ ತಿಂಗಳು, ಅಂಗಡಿ, ಕಿಲೋಗೆ ಎಷ್ಟು ಬಿತ್ತು ಎಂಬುದು. ರಿಯಾಯಿತಿ ಎಷ್ಟು ಸಿಕ್ಕಿತು ಎಂದು ಎಲ್ಲಿಯೂ ಬರೆದಿರಲಿಲ್ಲ. ನಾನು ನಿಮಗೆ ಹೇಳಬೇಕಾದದ್ದು ಮುಖ್ಯವಾಗಿ ಈ ಡೈರಿಯ ವಿಷಯವೇ. ಶೇ 30 ಕಡಿತ ಎಂಬ ಹಳದಿ ಚೀಟಿ ಕಂಡಾಗ, ‘ಹೋದ ತಿಂಗಳು ಇದೇ ಬೇಳೆ ಕಿಲೋಗೆ ಎಷ್ಟು ಬಿದ್ದಿತ್ತು’ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇಲ್ಲದಿದ್ದರೆ, ಆ ಚೀಟಿ ಹೇಳಿದ್ದೇ ವೇದವಾಗುತ್ತದೆ. ಎಲ್ಲ ಸಾಮಾನಿಗೂ ಬರೆಯುತ್ತಾ ಕೂರಬೇಡಿ. ನಿಮ್ಮ ಮನೆಯಲ್ಲಿ ಪ್ರತಿ ತಿಂಗಳೂ ತಪ್ಪದೆ ಬರುವ ಇಪ್ಪತ್ತು ಸಾಮಾನು ಸಾಕು.

ಕಿಲೋ ಲೆಕ್ಕ ಹಾಕಲು ಈಗ ಪ್ಯಾಕೆಟ್ಟೇ ಅರ್ಧ ಸಹಾಯ ಮಾಡುತ್ತದೆ. ಎಂಆರ್‌ಪಿ ಪಕ್ಕದಲ್ಲಿ, ಕನ್ನಡಕವಿದ್ದರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ಗ್ರಾಂಗೆ ಇಷ್ಟು ಅಥವಾ ಕಿಲೋಗೆ ಇಷ್ಟು ಎಂಬ ಬೆಲೆಯೂ ಇರುತ್ತದೆ. ಕಾನೂನುಮಾಪನ ನಿಯಮಗಳಿಗೆ, ಅಂದರೆ ತೂಕ-ಅಳತೆಯ ಸರ್ಕಾರಿ ನಿಯಮಗಳಿಗೆ, ಮಾಡಿದ ತಿದ್ದುಪಡಿಯಿಂದ ಬಂದದ್ದು ಅದು. ಒಳ್ಳೆಯ ನಿಯಮ, ಆದರೆ ಮೂರು ತೊಡಕುಗಳಿವೆ. ಕಿಲೋಗಿಂತ ಕಡಿಮೆ ತೂಕದ ಪ್ಯಾಕಿನಲ್ಲಿ ಅದು ಗ್ರಾಂ ಲೆಕ್ಕದಲ್ಲಿರುತ್ತದೆ, ಹೆಚ್ಚು ತೂಕದ್ದರಲ್ಲಿ ಕಿಲೋ ಲೆಕ್ಕದಲ್ಲಿ. ಹಾಗಾಗಿ ಅರ್ಧ ಕಿಲೋ ಬೇಳೆಯ ಮೇಲೆ 0.19 ಎಂದೂ ಎರಡು ಕಿಲೋದ ಮೇಲೆ 178 ಎಂದೂ ಇದ್ದರೆ ಸಾವಿರದಿಂದ ಗುಣಿಸುವ ಕೆಲಸ ನಮ್ಮದು. ಎರಡನೆಯದಾಗಿ, ಪೈಸೆಗೆ ದುಂಡಗೆ ಮಾಡುವುದರಿಂದ 0.19 ಎಂಬುದು ಕಿಲೋಗೆ 185 ರೂಪಾಯಿಯೂ ಆಗಿರಬಹುದು, 194 ಕೂಡ ಆಗಿರಬಹುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಆ ಲೆಕ್ಕ ಎಂಆರ್‌ಪಿಯ ಮೇಲಿನದು, ಆಫರ್ ಬೆಲೆಯ ಮೇಲಿನದಲ್ಲ. ಆದ್ದರಿಂದ ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆದು, ಕೊಡಬೇಕಾದ ಬೆಲೆಯನ್ನು ತೂಕದಿಂದ ಭಾಗಿಸಿಬಿಡಿ. ಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಪಕ್ಕದವರೇ ‘ಸಾರ್, ಇದರದ್ದೂ ನೋಡಿ’ ಎಂದು ಪ್ಯಾಕೆಟ್ಟು ಹಿಡಿಯುತ್ತಾರೆ.

ಅಡುಗೆ ಎಣ್ಣೆಯ ಮುಂದೆ ಈ ಕ್ಯಾಲ್ಕ್ಯುಲೇಟರ್ ಇಲ್ಲದೆ ನಿಲ್ಲಲೇಬೇಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಎಂದರೆ 910 ಗ್ರಾಂ, ಪ್ಯಾಕೆಟ್ಟಿನ ಮೇಲೆಯೇ ಎರಡೂ ಇರುತ್ತದೆ. ಹಿಂದೆ ಎಣ್ಣೆ, ಬಿಸ್ಕತ್ತು, ಚಹಾದಂಥ ಸಾಮಾನುಗಳನ್ನು ಇಂತಿಷ್ಟೇ ತೂಕದಲ್ಲಿ ಕಟ್ಟಬೇಕೆಂಬ ನಿಯಮವಿತ್ತು. ಅದನ್ನು ತೆಗೆದ ಮೇಲೆ 850 ಗ್ರಾಂ, 810 ಗ್ರಾಂ, 750 ಗ್ರಾಂ ಎಂಬ ವಿಚಿತ್ರ ತೂಕಗಳು ಬಂದಿವೆ. ಪೌಚ್ ಮಾತ್ರ ದೂರದಿಂದ ನೋಡಿದರೆ ಒಂದು ಲೀಟರಿನದರ ಹಾಗೆಯೇ. ಒಂದು ಲೀಟರಿಗೆ 150 ರೂಪಾಯಿ, ಪಕ್ಕದ 750 ಗ್ರಾಂ ಪೌಚಿಗೆ 128 ಎಂದಿಟ್ಟುಕೊಳ್ಳಿ. ಕೈ ಎರಡನೆಯದರ ಕಡೆಗೆ ಹೋಗುತ್ತದೆ. ಭಾಗಿಸಿ ನೋಡಿದರೆ ಮೊದಲನೆಯದು ಕಿಲೋಗೆ 165, ಎರಡನೆಯದು 171.

ದೊಡ್ಡ ಪ್ಯಾಕ್ ಎಂದರೆ ಅಗ್ಗ ಎಂಬುದನ್ನೂ ನಂಬಬೇಡಿ. ಐದು, ಹತ್ತು ರೂಪಾಯಿಯ ಪ್ಯಾಕೆಟ್ಟುಗಳ ಬೆಲೆಯನ್ನು ಕಂಪನಿಗಳು ಸುಲಭವಾಗಿ ಏರಿಸುವಂತಿಲ್ಲ, ಪೈಪೋಟಿ ಅಲ್ಲಿಯೇ ಹೆಚ್ಚು. ಹಾಗಾಗಿ ಬಿಸ್ಕತ್ತು, ಇನ್‌ಸ್ಟಂಟ್ ಕಾಫಿಯಂಥವುಗಳಲ್ಲಿ ಚಿಕ್ಕದರ ಗ್ರಾಂ ಬೆಲೆಯೇ ಕಡಿಮೆ ಇರುವುದುಂಟು. ಹತ್ತು ರೂಪಾಯಿಗೆ 60 ಗ್ರಾಂ ಇರುವ ಬಿಸ್ಕತ್ತಿನ ‘ಫ್ಯಾಮಿಲಿ ಪ್ಯಾಕ್’ 300 ಗ್ರಾಂಗೆ 55 ರೂಪಾಯಿ ಇದ್ದದ್ದನ್ನು ನಾನೇ ನೋಡಿದ್ದೇನೆ. ಐದು ಚಿಕ್ಕವನ್ನು ತಂದರೆ ಐವತ್ತು. ಮೇಲಾಗಿ ಚಿಕ್ಕ ಪ್ಯಾಕೆಟ್ಟು ತೆರೆದಿಟ್ಟು ಮೆತ್ತಗಾಗುವುದಿಲ್ಲ. ಕಸ ಹೆಚ್ಚಾಗುತ್ತದೆ ಎಂದು ನನ್ನ ಮಗಳು ಬೈಯುತ್ತಾಳೆ, ಅದೂ ನಿಜವೇ.

ಅಕ್ಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮಂಥ ಅನ್ನ ಉಣ್ಣುವ ಮನೆಗಳಲ್ಲಿ ಉಳಿತಾಯ ಶುರುವಾಗುವುದೇ ಅಲ್ಲಿಂದ. ಅಂಗಡಿಗಳಲ್ಲಿ 26 ಕಿಲೋದ ಚೀಲ ಕಂಡಿರುತ್ತೀರಿ. 25 ಬಿಟ್ಟು 26 ಏಕೆ? 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇ 5 ಜಿಎಸ್‌ಟಿ ಬಂತು. ಆದರೆ ಅದು 25 ಕಿಲೋವರೆಗಿನ ಪ್ಯಾಕಿಗೆ ಮಾತ್ರ. ಅದನ್ನು ಮೀರಿದ ಮೂಟೆಗೂ ಇಲ್ಲ, ಬಿಡಿಯಾಗಿ ತೂಗಿ ಕೊಡುವುದಕ್ಕೂ ಇಲ್ಲ. ಒಂದು ಕಿಲೋ ಹೆಚ್ಚಿಗೆ ತುಂಬಿದರೆ ತೆರಿಗೆಯೇ ತಪ್ಪುತ್ತದೆಂದು ವ್ಯಾಪಾರಿಗಳು ಚೀಲವನ್ನೇ ಬದಲಿಸಿಬಿಟ್ಟರು. ಐದೈದು ಕಿಲೋದ ಚೀಲ ಐದು ಸಲ ಕೊಳ್ಳುವುದಕ್ಕಿಂತ, ಒಂದು 26 ಕಿಲೋದ ಚೀಲ ತಂದು ಪಕ್ಕದ ಮನೆಯವರೊಂದಿಗೆ ಹದಿಮೂರು ಹದಿಮೂರಾಗಿ ಹಂಚಿಕೊಳ್ಳುವುದು ಮೇಲು. ನಾವು ಹಾಗೆಯೇ ಮಾಡುತ್ತೇವೆ. ಅಕ್ಕಿಯನ್ನು ಮಾತ್ರ ಕಿಲೋ ಬೆಲೆಯೊಂದನ್ನೇ ನೋಡಿ ಕೊಳ್ಳಬೇಡಿ. ಹಳೆಯ ಅಕ್ಕಿ ಒದಗುತ್ತದೆ. ಹೊಸ ಅಕ್ಕಿ ಕಿಲೋಗೆ ಐದಾರು ರೂಪಾಯಿ ಕಡಿಮೆಯೆಂದು ತಂದು, ಅನ್ನ ಮುದ್ದೆಯಾಗಿ, ಪಾವು ಹೆಚ್ಚಿಗೆ ಹಾಕಬೇಕಾದ ಪ್ರಸಂಗ ನಮ್ಮ ಮನೆಯಲ್ಲಿ ನಡೆದಿದೆ. ತಂದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಜಿಎಸ್‌ಟಿ ಮಾತು ಬಂದಿತಲ್ಲ, ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪದ ತೆರಿಗೆ ಶೇ 12ರಿಂದ 5ಕ್ಕೂ ಬಿಸ್ಕತ್ತಿನದು 18ರಿಂದ 5ಕ್ಕೂ ಇಳಿಯಿತು. ಹಳೆಯ ಬಿಲ್ಲುಗಳಿಂದ ಡೈರಿ ಶುರು ಮಾಡುವುದಾದರೆ ಆ ತಿಂಗಳಿಗೆ ಒಂದು ಗೆರೆ ಎಳೆದು, ಅದರ ಹಿಂದಿನ ಬೆಲೆಗಳನ್ನು ಹೋಲಿಕೆಗೆ ಹಿಡಿಯಬೇಡಿ.

ಅಂಗಡಿಯವರ ಸ್ವಂತ ಬ್ರ್ಯಾಂಡ್ ಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಿ, ಆದರೆ ಹಿಂಬದಿ ಓದಿ. ಆಹಾರದ ಪ್ಯಾಕೆಟ್ಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ, ತಯಾರಿಸಿದವರ ವಿಳಾಸವೂ ಇರುತ್ತದೆ. ಹೆಸರುವಾಸಿ ಬ್ರ್ಯಾಂಡಿನ ಶಾವಿಗೆಯನ್ನೂ ಅಂಗಡಿಯ ಹೆಸರಿನ ಶಾವಿಗೆಯನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ಒಮ್ಮೊಮ್ಮೆ ಎರಡೂ ಒಂದೇ ಕಾರ್ಖಾನೆಯಿಂದ ಬಂದಿರುತ್ತವೆ. ಒಂದೇ ಕಾರ್ಖಾನೆಯೆಂದ ಮಾತ್ರಕ್ಕೆ ಒಂದೇ ಗುಣಮಟ್ಟ ಎಂದಲ್ಲ, ಆದರೆ ಒಂದು ಸಲ ತಂದು ನೋಡುವಷ್ಟು ಧೈರ್ಯ ಬರುತ್ತದೆ. ಸಕ್ಕರೆ, ಉಪ್ಪು, ಅವಲಕ್ಕಿ, ರವೆಗಳಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ಸಾಸಿವೆ, ಜೀರಿಗೆಯಲ್ಲಿ ಕಂಡಿದೆ.

ಕಾಫಿಪುಡಿಯಲ್ಲಿ ಓದಬೇಕಾದದ್ದು ಬೇರೆ. ಚಿಕೋರಿ ಬೆರೆಸಿದ ಪುಡಿಯಾದರೆ ಎಷ್ಟು ಕಾಫಿ, ಎಷ್ಟು ಚಿಕೋರಿ ಎಂದು ಮುದ್ರಿಸಲೇಬೇಕು, ಶೇ 49ರವರೆಗೆ ಚಿಕೋರಿ ಹಾಕಲು ಅವಕಾಶವಿದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗಿ ತಂದ ಪುಡಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಚಿಕೋರಿಯೇ ಇರಬಹುದು. ನಾನು ಸೂಪರ್ ಮಾರ್ಕೆಟ್ ಬಿಟ್ಟು, ಹುರಿದು ಬೀಸಿ ಕೊಡುವ ಅಂಗಡಿಯಲ್ಲಿ ಎಂಬತ್ತು-ಇಪ್ಪತ್ತು ಹೇಳಿ ಮಾಡಿಸುತ್ತೇನೆ. ಇದು ಉಳಿತಾಯವಲ್ಲ, ನನ್ನ ಚಪಲ. ಡೈರಿಯಲ್ಲಿ ಅದಕ್ಕೆ ಬೇರೆ ಪುಟವಿದೆ.

ಇನ್ನು ‘ಒಂದು ಕೊಂಡರೆ ಒಂದು ಉಚಿತ’. ನನ್ನ ಮೊದಲ ತಿಂಗಳ ಎರಡು ಸಾವಿರದಲ್ಲಿ ದೊಡ್ಡ ಪಾಲು ಇದರದ್ದೇ. ನಾಲ್ಕು ಕಿಲೋ ರವೆ, ಎರಡು ದೊಡ್ಡ ಸೀಸೆ ಸಾಸ್, ಓಟ್ಸ್ ಎಂಬುದೊಂದು. ಓಟ್ಸನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ರವೆಗೆ ಮಳೆಗಾಲದಲ್ಲಿ ಹುಳು ಬಿತ್ತು. ಉಚಿತವಾಗಿ ಬಂದದ್ದು ತಿಪ್ಪೆಗೆ ಹೋದರೆ, ಕೊಟ್ಟ ದುಡ್ಡು ಉಳಿದ ಅರ್ಧಕ್ಕೆ ಎಂದೇ ಲೆಕ್ಕ. ಕೂಡಿಡಲು ಬರುವವರು ಮಾತ್ರ ಜಾಸ್ತಿ ಕೊಳ್ಳಬೇಕು. ಹೆಂಡತಿ ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಆರಿಸಿ ತುಂಬುತ್ತಾಳೆ. ತೊಗರಿಬೇಳೆಗೆ ಹರಳೆಣ್ಣೆ ಸವರಿ ಇಡುತ್ತಾಳೆ. ಅಕ್ಕಿ ಡಬ್ಬಿಗೆ ಒಣಗಿದ ಬೇವಿನ ಎಲೆ. ಹಾಗೆ ಇಡಲು ಗೊತ್ತಿದ್ದುದರಿಂದಲೇ ಅವಳು ಹೊಸ ಫಸಲು ಬರುವ ಹೊತ್ತಿಗೆ, ಅಂದರೆ ಸಂಕ್ರಾಂತಿಯಿಂದ ಯುಗಾದಿಯ ನಡುವೆ, ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣುಗಳನ್ನು ಸಂತೇಪೇಟೆಯಿಂದ ಒಟ್ಟಿಗೆ ತರಿಸುತ್ತಾಳೆ. ನಿಮಗಾದರೆ ಹೊಸ ತರಗುಪೇಟೆ ಅಥವಾ ಯಶವಂತಪುರದ ಮಾರುಕಟ್ಟೆ ಇದೆ. ಆಟೋ ಬಾಡಿಗೆಯನ್ನೂ ಕಿಲೋ ಬೆಲೆಗೆ ಸೇರಿಸಿಯೇ ನೋಡಿ. ಐದು ಕಿಲೋ ಬೇಳೆಗಾಗಿ ವಿಜಯನಗರದಿಂದ ಅಲ್ಲಿಗೆ ಹೋಗಿಬರುವುದು ಹುಚ್ಚು.

ತರಕಾರಿಯನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳಲೇಬಾರದು ಎಂಬ ವಾದ ನನ್ನದಲ್ಲ. ಈರುಳ್ಳಿ, ಆಲೂಗಡ್ಡೆ, ಟೊಮೆಟೊಗಳನ್ನು ಜನರನ್ನು ಒಳಗೆ ಕರೆಯಲೆಂದೇ ಕೆಲವು ದಿನ ಕಡಿಮೆಗೆ ಇಡುತ್ತಾರೆ. ಅಷ್ಟನ್ನು ಮಾತ್ರ ತೆಗೆದುಕೊಂಡು ಹೊರಬರುವ ಗಟ್ಟಿತನ ಬೇಕು. ಪ್ಲಾಸ್ಟಿಕ್ ಹೊದಿಸಿದ ಸೊಪ್ಪು, ಹೆಚ್ಚಿಟ್ಟ ಹುರುಳಿಕಾಯಿ ಬೇಡ. ಹಾಪ್‌ಕಾಮ್ಸ್ ಮಳಿಗೆಯ ದರಪಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಆ ದಿನದ ಬೆಲೆ ಹೇಗಿದೆ ಎಂಬ ಅಂದಾಜು ಸಿಗುತ್ತದೆ.

ತೂಗುವ ಜಾಗದಲ್ಲಿ ಅಂಟಿಸುವ ಚೀಟಿಯನ್ನು ಅಲ್ಲಿಯೇ ಓದಿ. ಒಂದು ಅಂಗಡಿಯಲ್ಲಿ ನನ್ನ ಪಚ್ಚಬಾಳೆಗೆ ಏಲಕ್ಕಿಬಾಳೆಯ ಚೀಟಿ ಬಿದ್ದಿತ್ತು. ಇನ್ನೊಮ್ಮೆ ಕಪಾಟಿನ ಮೇಲೆ ತುಪ್ಪಕ್ಕೆ ಆಫರ್ ಚೀಟಿ ಇತ್ತು, ಬಿಲ್ಲಿನಲ್ಲಿ ಪೂರ್ತಿ ಬೆಲೆ. ಆಫರ್ ಹಿಂದಿನ ದಿನವೇ ಮುಗಿದಿತ್ತು, ಚೀಟಿ ತೆಗೆದಿರಲಿಲ್ಲ. ಕಪಾಟಿನ ಫೋಟೊ ತೋರಿಸಿದ ಮೇಲೆ ವ್ಯತ್ಯಾಸ ವಾಪಸು ಕೊಟ್ಟರು. ಮನೆಗೆ ಬಂದು ನೋಡಿದ್ದರೆ 90 ರೂಪಾಯಿಗಾಗಿ ಮತ್ತೆ ಯಾರು ಹೋಗುತ್ತಿದ್ದರು? ಎಂಆರ್‌ಪಿಗಿಂತ ಹೆಚ್ಚಿಗೆ ಕೇಳಿದರೆ, ಅದು ತಣ್ಣಗೆ ಮಾಡಿದ್ದಕ್ಕೆ ಎಂದರೂ ಸರಿಯೆ, ಕೊಡಬೇಕಾಗಿಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ತರಿಸುವುದು ಅಗ್ಗವೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ: ಸಾಮಾನಿನ ಬೆಲೆ ಕೆಲವೊಮ್ಮೆ ಅಗ್ಗವೇ. ನಿರ್ವಹಣಾ ಶುಲ್ಕ, ತಲುಪಿಸುವ ಶುಲ್ಕ, ಇಷ್ಟು ರೂಪಾಯಿ ಮುಟ್ಟಿಸಲೆಂದು ಸೇರಿಸಿದ ಚಾಕೊಲೇಟು, ಎಲ್ಲವನ್ನೂ ಕೂಡಿ ಭಾಗಿಸಿದರೆ ನಮ್ಮ ಮನೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು 41 ರೂಪಾಯಿಗೆ ಬಿದ್ದಿತ್ತು. ತರಿಸಿದ್ದು ನನ್ನ ಮಗಳು. ಡೈರಿಯಲ್ಲಿ ಆ ದಿನದ ಸಾಲನ್ನು ಅವಳ ಅಮ್ಮ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.